ಅಕ್ಕ ಒಂಟಿಚಕ್ರ ಹತ್ತಿದ ಹತ್ತು ದಿನ

ನನ್ನ ಅಕ್ಕ ಹೊಲಿಗೆಯವಳು. ನಮ್ಮ ಕಟ್ಟಡದಲ್ಲಿ ಕಾರು ನಿಲ್ಲಿಸುವ ಜಾಗದ ಪಕ್ಕದ ಸಣ್ಣ ಕೋಣೆಯಲ್ಲಿ ಅವಳ ಕಾಲುಮೆಷಿನ್, ಇಸ್ತ್ರಿ ಮೇಜು, ಗೋಡೆಯ ತುಂಬ ನೇತುಹಾಕಿದ ಜಿಪ್ಪುಗಳು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಹರಿದ ಜೇಬು ಹೊಲಿಯುವುದು ಅವಳ ಕೆಲಸ. ಹನ್ನೊಂದು ವರ್ಷ ಹೀಗೆ ಹೊಲಿದೇ ಸಂಸಾರ ನಡೆಸಿದಳು. ಭಾವ ಅವಳನ್ನು ಬಿಟ್ಟು ಹೋಗುವಾಗ ಕಂಡಕಂಡವರಿಗೆಲ್ಲ ಹೇಳಿದ್ದು ಒಂದೇ ಮಾತು: "ಕೂತಲ್ಲೇ ಕೂತಿರ್ತಾಳೆ. ಅಂಥವಳ ಜೊತೆ ಎಲ್ಲಿಗೆ ಅಂತ ಹೋಗೋದು?"

ಅವನು ಬಿಟ್ಟುಹೋದ ಸಾಮಾನಿನಲ್ಲಿ ಒಂದು ಒಂಟಿಚಕ್ರವಿತ್ತು. ಬ್ಯಾಟರಿಯಿಂದ ಓಡುವ ದಪ್ಪ ಗಾಲಿ, ಆಚೆ ಈಚೆ ಕಾಲಿಡಲು ಎರಡು ಹಲಗೆ, ಹಿಡಿದುಕೊಳ್ಳಲು ಏನೆಂದರೆ ಏನೂ ಇಲ್ಲ. ಮೈ ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಅಕ್ಕ ಒಂದು ಹೋಟೆಲಿಗೆ ಪರದೆ ಹೊಲಿದ ದುಡ್ಡಿನಲ್ಲಿ ಬಂದ ಚಕ್ರ ಅದು. ಆದರೂ ಧೂಳು ಒರೆಸುವುದಕ್ಕೆ ಬಿಟ್ಟರೆ ಅವಳು ಅದನ್ನು ಮುಟ್ಟುವ ಹಾಗಿರಲಿಲ್ಲ.

ಹತ್ತು ದಿನ ಬಿಟ್ಟು ಭಾನುವಾರ ಬಂದು ಒಯ್ಯುತ್ತೇನೆಂದು ಅವನ ಫೋನ್ ಬಂತು.

"ಗೀಚಿ ಹಾಕೋಣ ಅಕ್ಕ. ಮೊಳೆ ತರ್ಲಾ?" ಅಂದೆ, ನನ್ನ ಮಗುವನ್ನು ಸೊಂಟಕ್ಕೇರಿಸಿಕೊಂಡು.

"ಬೇಡ ಕಣೆ. ಅವನ ಕಣ್ಣೆದುರಿಗೇ ಓಡಿಸಿ ಆಮೇಲೆ ಕೊಡ್ತೀನಿ. ಹೊಟ್ಟೆ ಉರೀಬೇಕು ಅವನಿಗೆ."

ಮಾರನೇ ದಿನದಿಂದ, ಮಗು ಎದ್ದ ಕೂಡಲೇ ನಾವು ಮೂವರೂ ಕೆಳಗೆ. ಅಕ್ಕ ಕಂಬ ಹಿಡಿದು ಹತ್ತುವಳು, ಚಕ್ರ ಅವಳನ್ನು ಕೆಡವಿ ತಾನೊಂದೇ ಹೋಗಿ ಗೋಡೆಗೆ ಗುದ್ದುವುದು. ಮೂರು ದಿನಕ್ಕೆ ಮೊಣಕಾಲ ಕೆಳಗೆಲ್ಲ ನೀಲಿಗಟ್ಟಿತು. ನಾನು ಮಗುವಿನ ಡೈಪರುಗಳನ್ನು ಮಡಚಿ ಅವಳ ಎರಡೂ ಕಾಲಿಗೆ ಎಲಾಸ್ಟಿಕ್ಕಿನಲ್ಲಿ ಕಟ್ಟಿದೆ.

"ಏನೇ ಇದು, ನಿನ್ನ ಮಗಳ ಜೊತೆ ನನ್ನನ್ನೂ ಸೇರಿಸಿಬಿಟ್ಯಾ?"

"ಅವಳಾದ್ರೂ ಬಿದ್ರೆ ಅಳ್ತಾಳೆ. ನೀನು ಬೈತೀಯ."

ಬಿದ್ದಾಗಲೆಲ್ಲ ಅವಳು ಬೈಯುತ್ತಿದ್ದದ್ದು ಚಕ್ರವನ್ನಲ್ಲ, ಅವನನ್ನು.

ನಾಲ್ಕನೇ ದಿನ ನನಗೆ ತಪ್ಪು ಎಲ್ಲಿದೆ ಎಂದು ಹೊಳೆಯಿತು. ಅವಳ ಪಾದ ಹಲಗೆಯ ಮೇಲೆ ಸುಮ್ಮನಿರುತ್ತಿರಲಿಲ್ಲ. ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ. ಚಕ್ರ ಪಾಪ, ಮುಂದೆ ಹೋಗು ನಿಲ್ಲು ಎಂಬ ಎರಡು ಅಪ್ಪಣೆಯನ್ನೂ ಒಟ್ಟಿಗೇ ಕೇಳಿ ತಬ್ಬಿಬ್ಬಾಗುತ್ತಿತ್ತು.

"ಅಕ್ಕ, ನೀನು ಮೆಷಿನ್ ತುಳೀತಾ ಇದ್ದೀಯ!"

ಅವಳು ತನ್ನ ಪಾದಗಳನ್ನೇ ನೋಡಿಕೊಂಡಳು. ಅದೂ ತಪ್ಪೇ. ಸೂಜಿ ನೋಡಿ ರೂಢಿಯಾದ ಕಣ್ಣು, ಕೆಳಗಿಂದ ಏಳುವುದೇ ಇಲ್ಲ. ಕೆಳಗೆ ನೋಡಿದವರನ್ನು ಈ ಚಕ್ರ ಕೆಳಕ್ಕೇ ಕಳಿಸುತ್ತದೆ.

ನಾನು ಒಳಗೆ ಹೋಗಿ ಅವನದೊಂದು ಹಳೇ ಅಂಗಿ ಹುಡುಕಿ ತಂದೆ. ದೂರದ ಗೇಟಿನ ಹತ್ತಿರ ಹಗ್ಗಕ್ಕೆ ನೇತುಹಾಕಿದೆ. "ಅಗೋ, ನಿಂತಿದ್ದಾನೆ. ಅವನ ಮುಖಾನೇ ನೋಡು."

ಅಕ್ಕ ನೋಡಿದಳು. ಆ ನೋಟ ನೋಡಿ ನಾನು ಮಗುವನ್ನು ಎದೆಗೊತ್ತಿಕೊಂಡೆ. ಅವಳ ಪಾದಗಳು ಸುಮ್ಮನಾದವು, ಎದೆ ತಾನಾಗಿ ಮುಂದಕ್ಕೆ ಬಾಗಿತು. ಚಕ್ರ ಗುಂಯ್ ಎನ್ನುತ್ತ ಹೋಗಿ ಅಂಗಿಯನ್ನು ಹಗ್ಗಸಮೇತ ಕಿತ್ತುಕೊಂಡು ಗೇಟಿಗೆ ಬಡಿಯಿತು. ಉಳಿದ ದಿನಗಳಲ್ಲಿ ಆ ಅಂಗಿಯ ತೋಳು ಎರಡೂ ಹರಿದವು. ಅವಳು ಹೊಲಿಯಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅವನು ಗೇಟು ದಾಟಿ ಬಂದ. ಕೈಯಲ್ಲಿ ಮೊಬೈಲು, ಕಣ್ಣು ಅದರಲ್ಲೇ. ಅಕ್ಕ ಆಚೆ ತುದಿಯಲ್ಲಿ ಆಗಲೇ ಚಕ್ರ ಹತ್ತಿ ನಿಂತಿದ್ದಳು. ಕಂಬ ಬಿಟ್ಟಳು.

ಹನ್ನೊಂದು ವರ್ಷ ಅವನನ್ನು 'ರೀ' ಎಂದೇ ಕರೆದವಳು, ಕಟ್ಟಡವೆಲ್ಲ ಕೇಳುವ ಹಾಗೆ ಕೂಗಿದಳು:

"ಏಯ್! ದಾರಿ ಬಿಡೋ!"

ಅವನು ತಲೆಯೆತ್ತಿದ. ಪಕ್ಕಕ್ಕೆ ಜಿಗಿದವನು ಕಾರು ತೊಳೆದ ಕೆಸರು ನೀರಿನಲ್ಲಿ ಕುಂಡೆಯೂರಿ ಕೂತ. ಅಕ್ಕ ನಿಲ್ಲಲಿಲ್ಲ. ತಿರುಗಿಸುವುದನ್ನು ಅವಳಿನ್ನೂ ಕಲಿತೇ ಇರಲಿಲ್ಲ! ನೇರ ಗೇಟು ದಾಟಿ ಬೀದಿಗೆ ಹೋದಳು. "ನನ್ನ ಚಕ್ರ! ನಿಲ್ಸೇ!" ಎನ್ನುತ್ತ ಅವನು ಒದ್ದೆ ಪ್ಯಾಂಟಿನಲ್ಲಿ ಹಿಂದೆ ಓಡಿದ. ನಾನು ನಕ್ಕ ನಗೆಗೆ ಮಗು ಬೆಚ್ಚಿಬಿದ್ದಿತು.

ಔಷಧಿ ಅಂಗಡಿಯ ಕಂಬ ತಬ್ಬಿ ಇಳಿದು, ಚಕ್ರವನ್ನು ಅವನ ಕಡೆ ನೂಕಿ, ಅಕ್ಕ ನಡೆದುಕೊಂಡೇ ಬಂದಳು. ನೀರು ಕೊಟ್ಟು ಕೇಳಿದೆ:

"ಈಗ ಸಮಾಧಾನ ಆಯ್ತಾ?"

"ಅರ್ಧ ಆಯ್ತು," ಅಂದಳು. "ಕೂಗಬಾರದಿತ್ತು ಕಣೆ. ಅವನು ಅಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ಸುಮ್ನೆ ಹೋಗಿಬಿಡಬೇಕಿತ್ತು."