ಬೇಡ ಅನ್ನಲಾರದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಪೇಟೆಯಲ್ಲೆಲ್ಲ ಆಯ್ತಪ್ಪ ಎಂದೇ ಹೆಸರು. ಕನ್ನಡಕದ ಅಂಗಡಿಯ ಮೂಲೆಯಲ್ಲಿ ಕೂತು ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಎಳ್ಳಿನಷ್ಟು ಸಣ್ಣ ಸ್ಕ್ರೂ ಬಿಗಿಮಾಡುವುದು ಅವರ ಕೆಲಸ. ಬಾಗಿಲು ಹಾಕುವ ಹೊತ್ತಿಗೆ ಮುರಿದ ಕನ್ನಡಕ ಹಿಡಿದು ಬಂದವರಿಗೂ ಆಯ್ತಪ್ಪ, ಕೊಡೆ ಒಯ್ದು ವಾಪಸ್ ಕೊಡದೆ ಮತ್ತೊಂದು ಕೇಳಿದವರಿಗೂ ಆಯ್ತಪ್ಪ. "ಇವ್ರು ನನ್ನ ಮದುವೆ ಆಗಿದ್ದೂ ಬೇಡ ಅನ್ನೋಕೆ ಬಾಯಿ ಬರದೇನೇ ಕಣೆ" ಎಂದು ದೊಡ್ಡಮ್ಮ ನನ್ನ ಮುಂದೆ ಛೇಡಿಸಿದರೆ, ಅದಕ್ಕೂ ತಲೆಯಾಡಿಸುತ್ತಿದ್ದರು.

ಆ ದೊಡ್ಡಮ್ಮನ ಕಿಡ್ನಿ ಕೈಕೊಟ್ಟಿತು. ವಾರವಾರವೂ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಒಂದು ದಿನ ಅಲ್ಲಿನ ಬೆಂಚಿನ ಮೇಲೆ ಕಾಯುತ್ತಾ ದೊಡ್ಡಪ್ಪ ಫೋನಿನಲ್ಲಿ "ಕಿಡ್ನಿ ಗುಣವಾಗುವುದು ಹೇಗೆ" ಎಂದು ಹುಡುಕಿದರು. ಅವರು ಮಾಡಿದ್ದು ಅಷ್ಟೇ. ಆಮೇಲೆ ಅದು ಅವರ ಬೆನ್ನು ಬಿಡಲಿಲ್ಲ. ಹಾಡು ಕೇಳಲು ಹೋದರೆ ಕಿಡ್ನಿ ಗುಣಪಡಿಸುವ ಪುಡಿಯ ಜಾಹೀರಾತು, ಸುದ್ದಿ ಓದಲು ಹೋದರೆ ಅದೇ ಪುಡಿ. ಈ ಬೆಲೆ ಇನ್ನು ಕೆಲವೇ ನಿಮಿಷ ಎಂದು ಒಂದು ಗಡಿಯಾರ ಬೇರೆ ಓಡುತ್ತಿತ್ತು. ಕೆಳಗೆ ಎರಡು ಬಟನ್. ದೊಡ್ಡದಾದ ಹಸಿರು ಬಟನ್ನಿನಲ್ಲಿ "ನನ್ನವರನ್ನು ಉಳಿಸಿಕೊಳ್ಳುತ್ತೇನೆ." ಮಾಸಲು ಬಣ್ಣದ್ದರಲ್ಲಿ "ಬೇಡ, ನನ್ನವರು ಗುಣವಾಗುವುದು ನನಗೆ ಬೇಕಿಲ್ಲ."

ಜಾಹೀರಾತನ್ನು ಮುಚ್ಚುವ ಗುರುತೂ ಮೂಲೆಯಲ್ಲಿ ಇತ್ತಂತೆ. ಎಳ್ಳಿನಷ್ಟು ಸ್ಕ್ರೂ ಹುಡುಕುವ ಕಣ್ಣಿಗೂ ಅದು ಬೀಳಲಿಲ್ಲ. "ಹಾಗಂತ ಹೇಗಮ್ಮ ಒತ್ತಲಿ ನಾನು?" ಎಂದು ಆಮೇಲೆ ನನ್ನನ್ನು ಕೇಳಿದರು. ಆ ಎರಡನೇ ವಾಕ್ಯ ಬರೆದವನು ಯಾವುದೋ ತಂಪಾದ ಕೋಣೆಯಲ್ಲಿ, ಇದನ್ನು ಯಾರೂ ಒತ್ತಲಾರರು ಎಂದು ಗೊತ್ತಿದ್ದೇ ಬರೆದ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ.

ಪುಡಿ ಬಂತು. ಅದನ್ನು ಕುಡಿಯುವಷ್ಟು ದಿನ ಯಂತ್ರಕ್ಕೆ ಹೋಗಬಾರದು, ಬೇರೆ ಔಷಧಿ ಮುಟ್ಟಬಾರದು ಎಂದು ಡಬ್ಬದ ಮೇಲೆ ಬರೆದಿತ್ತು. ದೊಡ್ಡಮ್ಮನಿಗೂ ಸೂಜಿ ಸಾಕಾಗಿ ಹೋಗಿತ್ತು. ನಾವು ಬೈತೀವಿ ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ಎರಡನೇ ವಾರ ದೊಡ್ಡಮ್ಮನ ಮುಖ ಊದಿತು, ಉಸಿರಾಡುವುದೇ ಕಷ್ಟವಾಯಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕೈಮೀರಿತ್ತು. ಅವತ್ತೇ ತೀರಿಕೊಂಡರು.

ಮರುತಿಂಗಳು ಮತ್ತೊಂದು ಡಬ್ಬ ಬಂತು. ನಿಲ್ಲಿಸದಿದ್ದರೆ ಪ್ರತಿ ತಿಂಗಳೂ ಬರುತ್ತದೆ ಎಂಬುದು ದೊಡ್ಡಪ್ಪನಿಗೆ ಗೊತ್ತೇ ಇರಲಿಲ್ಲ. ಅವರ ಅಡುಗೆಮನೆಯಲ್ಲಿ ಕೂತು ಅವರ ಫೋನಿನಲ್ಲಿ ಒಂದರ ಹಿಂದೊಂದು ಪುಟ ದಾಟಿ, ಕೊನೆಗೆ ನಿಲ್ಲಿಸುವ ಜಾಗ ಹುಡುಕಿದೆ. ಕಾರಣ ಆರಿಸದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಪಟ್ಟಿಯಲ್ಲಿದ್ದದ್ದು ಮೂರೇ. ಬೆಲೆ ಹೆಚ್ಚಾಯಿತು. ಬೇರೆ ಔಷಧಿ ಸಿಕ್ಕಿತು. ಗುಣವಾದರು. ಸತ್ತರು ಎಂಬುದು ಎಲ್ಲೂ ಇರಲಿಲ್ಲ.

ನಾನು "ಬೆಲೆ ಹೆಚ್ಚಾಯಿತು" ಒತ್ತಲು ಹೋದೆ. ದೊಡ್ಡಪ್ಪ ನನ್ನ ಕೈ ಹಿಡಿದರು.

"ಅದು ಬೇಡಮ್ಮ. ಅವಳ ವಿಷಯದಲ್ಲಿ ದುಡ್ಡಿನ ಮುಖ ನೋಡ್ದೆ ಅಂತಾಗುತ್ತೆ."

"ಸರಿ, ಬೇರೆ ಔಷಧಿ ಅಂತ ಹಾಕ್ಲಾ?"

"ಇದ್ದ ಔಷಧೀನೂ ಬಿಡ್ಸಿದ್ನಲ್ಲಮ್ಮ ನಾನು."

ಫೋನು ಇಸಿದುಕೊಂಡು ತಾವೇ "ಗುಣವಾದರು" ಒತ್ತಿದರು. ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು, ಅಭಿನಂದನೆಗಳು ಎಂದು ಬಂತು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ನಿಮ್ಮವರ ಫೋಟೋ ಕೊಡಿ, ನೋವಿನಲ್ಲಿರುವ ಇತರರಿಗೂ ಧೈರ್ಯ ಬರಲಿ ಎಂದು ಕೇಳಿತು. ಕೆಳಗೆ ಮತ್ತೆ ಎರಡು ಬಟನ್. "ಸಂತೋಷದಿಂದ ಕೊಡುತ್ತೇನೆ." "ಬೇಡ, ಬೇರೆಯವರು ನರಳಿದರೆ ನನಗೇನು."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಎರಡನ್ನೂ ಮತ್ತೊಮ್ಮೆ ಓದಿದರು. ಎರಡನೆಯದನ್ನು ಒತ್ತಿದರು.

ಆಮೇಲೆ ಫೋನನ್ನು ಮುಖದ ಹತ್ತಿರ ತಂದು, ಅದಕ್ಕೆ ಕೇಳಿಸುವ ಹಾಗೆ, "ಹಾಗೆಲ್ಲ ಅಲ್ಲಪ್ಪ ನಾನು" ಎಂದರು.