ಗ್ರಾನೈಟ್ ಹಾಸಿದ ನಾಗಬನ

ಹಾವು ಹಿಡಿದು ಬಿಡುವುದು, ಪುರುಸೊತ್ತಿದ್ದರೆ ಗಿಡ ನೆಡುವುದು, ಇದು ನಮ್ಮ ಗುಂಪಿನ ಕೆಲಸ. ಸಂಬಳ ಇಲ್ಲ, ಫೋನ್ ಮಾತ್ರ ಬರುತ್ತಲೇ ಇರುತ್ತದೆ. ಒಮ್ಮೆ ದೇರೆಬೈಲಿನ ಮನೆಯೊಂದರಿಂದ ಬಂತು. ಬಾಗಿಲೆದುರಿನ ಸಿಟೌಟಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಅಡಿಯಲ್ಲಿ ನಾಗರಹಾವು. ಹೋಗಿ ಹಿಡಿದು ಚೀಲಕ್ಕೆ ಹಾಕಿದೆ.

"ದೂರ ಕೊಂಡುಹೋಗಬೇಡಿ, ಅದು ನಮ್ಮ ಬನದ್ದೇ. ಅಲ್ಲಿಯೇ ಬಿಡಿ" ಎಂದರು ಮನೆಯ ಯಜಮಾನರು.

ನಾಗಬನ ಮನೆಯ ಹಿಂದೆಯೇ ಇತ್ತು. ಬನ ಎಂದರೆ ನಾಗನಕಲ್ಲು, ಸುತ್ತ ಮರ, ಬಳ್ಳಿ, ಹುತ್ತ ಎಂದು ನಾನು ತಿಳಿದಿದ್ದೆ. ಇಲ್ಲಿ ಕಲ್ಲು ಮಾತ್ರ ಉಳಿದಿತ್ತು. ಕಳೆದ ವರ್ಷ ಜೀರ್ಣೋದ್ಧಾರ ಮಾಡಿಸಿದರಂತೆ. ಮರಗಳನ್ನೆಲ್ಲ ಕಡಿಸಿ, ಕರಿ ಗ್ರಾನೈಟ್ ಹಾಸಿ, ಸ್ಟೀಲಿನ ಗೇಟ್ ಇಡಿಸಿದ್ದರು. ನನಗೆ ಸಿಟ್ಟು ಬಂತು. ಆದರೆ ಕೈಯಲ್ಲಿ ಹಾವಿರುವಾಗ ಸಿಟ್ಟು ಮಾಡುವ ಹಾಗಿಲ್ಲ. ಸುತ್ತ ನಾಲ್ಕು ಗಿಡ ನೆಟ್ಟುಕೊಡುತ್ತೇವೆ ಎಂದೆ.

"ಬೇಡ ಮಾರಾಯ್ರೆ, ಎಲೆ ಬಿದ್ದು ಗಲೀಜಾಗ್ತದೆ."

ಬನಕ್ಕೆ ಚಪ್ಪಲಿ ಹಾಕಿ ಹೋಗುವ ಕ್ರಮ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಇಬ್ಬರೂ ಬರಿಗಾಲಲ್ಲಿ ಒಳಗೆ ಹೋದೆವು. ಚೀಲದ ಬಾಯಿ ಬಿಚ್ಚಿದೆ. ಗ್ರಾನೈಟಿಗೆ ಮೈ ತಾಗಿದ್ದೇ ತಡ, ಹಾವು ಗೇಟಿನ ಅಡಿಯಿಂದ ನುಗ್ಗಿ ಸೀದಾ ಸಿಟೌಟಿನ ಕಡೆಗೆ ಹೋಯಿತು.

ಯಜಮಾನರು ಅದರ ಹಿಂದಿನಿಂದಲೇ ಕೈಮುಗಿದರು. "ನೋಡಿ, ಇಷ್ಟೆಲ್ಲ ಮಾಡಿಸಿದ ಮೇಲೂ ನಾಗ ಬನದಲ್ಲಿ ನಿಲ್ಲುವುದಿಲ್ಲ. ಎಂತ ದೋಷ ಉಂಟೋ! ಜೋಯಿಸರಲ್ಲಿ ಕೇಳಬೇಕು."

ಕೈಮುಗಿದುಕೊಂಡೇ ಅವರು ಒಂದು ಕಾಲು ಎತ್ತಿದರು, ಅದನ್ನಿಟ್ಟು ಇನ್ನೊಂದು ಎತ್ತಿದರು.

"ಬನ್ನಿ, ಹೊರಗೆ ಹೋಗುವ. ಇಲ್ಲಿ ಕಾಲಿಡ್ಲಿಕ್ಕೆ ಆಗುವುದಿಲ್ಲ."