ಐದನೆಯ ಕೀಲಿಕೈ

ನನ್ನ ಗೊಂಚಲಿನಲ್ಲಿ ಐದು ಕೀಲಿಕೈಗಳಿವೆ, ಮನೆಗಿರುವುದು ನಾಲ್ಕೇ ಬೀಗ. ಮುಂಬಾಗಿಲಿಗೆ ಎರಡು, ಹಿತ್ತಿಲ ಬಾಗಿಲಿಗೆ ಒಂದು, ನಮ್ಮವರು ಹುಲ್ಲು ಕತ್ತರಿಸುವ ಯಂತ್ರ ಇಡುತ್ತಿದ್ದ ಶೆಡ್ಡಿಗೆ ಒಂದು. ಐದನೆಯದು ಈ ಮನೆಯ ಯಾವುದಕ್ಕೂ ಹೊಂದುವುದಿಲ್ಲ. ಆದರೆ ಸಂಜೆ ಹೊಸ್ತಿಲಲ್ಲಿ ನಿಂತು ಚೀಲದೊಳಗೆ ಕೈ ಹಾಕಿದರೆ ಮೊದಲು ಬೆರಳಿಗೆ ಸಿಗುವುದು ಅದೇ. ರಜೆಗೆ ಬಂದ ಮಗಳು ಅದನ್ನು ನೋಡಿದಾಗೆಲ್ಲ "ಮಮ್, ಜಸ್ಟ್ ಬಿನ್ ಇಟ್" ಎನ್ನುತ್ತಾಳೆ. ನಾನು ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಇನ್ನೂ ಅದನ್ನು ಎಸೆದಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ನನ್ನದೊಂದು ಸಣ್ಣತನವನ್ನು ಒಪ್ಪಿಕೊಳ್ಳಬೇಕು.

ನಮ್ಮವರು ಇಲ್ಲಿ ಲಂಡನ್ನಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಧಾರವಾಡದಿಂದ ಎರಡು ವರ್ಷದ ಮಟ್ಟಿಗೆಂದು ಬಂದವರು ಇಪ್ಪತ್ತೊಂದು ವರ್ಷ ಉಳಿದು, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಪೇಪರ್ ಓದುತ್ತ ಕೂತಲ್ಲೇ ಹೋಗಿಬಿಟ್ಟರು. ಮರುವರ್ಷ ಮಗಳು ಓದಲು ಲೀಡ್ಸಿಗೆ ಹೋದಳು. ಹ್ಯಾರೋ ಬಡಾವಣೆಯ ಮೂರು ಬೆಡ್‌ರೂಮಿನ ಮನೆಯಲ್ಲಿ ನಾನು ಮತ್ತು ಫ್ರಿಜ್ಜು ಉಳಿದೆವು. ಒಂಟಿತನವೆಂದರೆ ಏನೋ ದೊಡ್ಡ ದುಃಖವಿರಬೇಕು ಎಂದುಕೊಂಡಿದ್ದೆ. ಹಾಗೇನಿಲ್ಲ. ಒಂದು ಸಲ ಮಾಡಿದ ಸಾರನ್ನು ಮೂರು ದಿನ ಉಣ್ಣುವುದು, ಪೋಸ್ಟ್‌ಮನ್ ಬರುವ ಹೊತ್ತಿಗೆ ಸುಮ್ಮನೆ ಬಾಗಿಲ ಹತ್ತಿರ ಸುಳಿದಾಡುವುದು, ಅಷ್ಟೇ. ಮೊಣಕಾಲು ನೋವೆಂದು ಮೂರನೆಯ ಸಲ ಹೋದಾಗ ನಮ್ಮ ಬಡಾವಣೆಯ ಡಾಕ್ಟರಮ್ಮ ಮೊಣಕಾಲು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಮೇಲಿನ ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡಬಾರದೇ ಎಂದು ಕೇಳಿದಳು. ಮಾತ್ರೆ ಬರೆದುಕೊಡಲಿಲ್ಲ.

ಪೇಪರ್ ಅಂಗಡಿಯ ಗಾಜಿಗೆ ಚೀಟಿ ಅಂಟಿಸಿದೆ. ಬಂದವಳು ಫೋಲಾ. ನೈಜೀರಿಯಾದ ಇಬಾದಾನ್ ಊರಿನವಳು, ಮೂವತ್ತೈದರ ಆಸುಪಾಸು, ಹತ್ತಿರದ ಕೇರ್ ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ. ಸುದ್ದಿ ತಿಳಿದ ಕೂಡಲೇ ಶನಿವಾರದ ಭಜನೆಯ ಗೆಳತಿ, ಮೈಸೂರಿನ ವಿಶಾಲಾಕ್ಷಿ ಫೋನ್ ಮಾಡಿದರು. "ಒಬ್ರೇ ಇರೋ ಮನೆ ಕಣ್ರೀ. ಒಡವೆ ಗಿಡವೆ ಹುಷಾರು" ಎಂದರು. ಅವರು ಕೆಟ್ಟವರಲ್ಲ. ನಾನೂ ಕೆಟ್ಟವಳಲ್ಲ ಎಂದು ನಂಬಿದ್ದೆ. ಆದರೆ ಫೋನ್ ಇಟ್ಟವಳೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಂಗೈಯಗಲದ ಒಂದು ಹಿತ್ತಾಳೆ ಬೀಗ ತಂದು ನನ್ನ ಮಲಗುವ ಕೋಣೆಯ ಬಾಗಿಲಿಗೆ ಹಾಕಿಸಿದೆ. ಒಳಗಿದ್ದದ್ದು ನಾಲ್ಕು ಬಳೆ ಮತ್ತು ನಮ್ಮವರ ಸ್ಟೆತಸ್ಕೋಪು. ಮೂಲೆಯಂಗಡಿಗೆ ಹಾಲು ತರಲು ಹೋಗುವಾಗಲೂ ಬೀಗ ಹಾಕುತ್ತಿದ್ದೆ. ಸದ್ದಾಗಬಾರದೆಂದು ಕೆಮ್ಮುತ್ತ ಹಾಕುತ್ತಿದ್ದೆ. ಆ ವರ್ಷ ನಾನು ಕೆಮ್ಮಿದಷ್ಟು ಯಾವ ಚಳಿಗಾಲದಲ್ಲೂ ಕೆಮ್ಮಿಲ್ಲ.

ಫೋಲಾ ಮನೆಗೆ ಬಂದ ದಿನದ ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಬಾಗಿಲು ತೆಗೆದ ಕೂಡಲೇ ಅವಳು ಸೂಟ್‌ಕೇಸು ಕೆಳಗಿಟ್ಟು ಎರಡೂ ಮೊಣಕಾಲು ಮಡಿಸಿ ನೆಲಕ್ಕೆ ಕುಸಿದಳು. ಏನೋ ಬಿತ್ತೆಂದುಕೊಂಡು ನಾನೂ ಬಗ್ಗಿ ಕಾರ್ಪೆಟ್ಟಿನ ಮೇಲೆ ಕೈಯಾಡಿಸತೊಡಗಿದೆ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು. ಆಮೇಲೆ ಅವಳು ಮೆಲ್ಲಗೆ ವಿವರಿಸಿದಳು. ಅವರಲ್ಲಿ ಹೆಣ್ಣುಮಕ್ಕಳು ಹಿರಿಯರನ್ನು ಕಂಡರೆ ಹೀಗೇ ಮಂಡಿಯೂರಿ ನಮಸ್ಕಾರ ಮಾಡುವುದಂತೆ. ಲಂಡನ್ನಿಗೆ ಬಂದ ಮೇಲೆ ನನಗೆ ಯಾರೂ ನಮಸ್ಕಾರ ಮಾಡಿರಲಿಲ್ಲ, ನನಗೆ ಅದರ ರೂಢಿಯೇ ತಪ್ಪಿತ್ತು. ಅಷ್ಟು ಹೊತ್ತಿಗೆ ಮೇಲೆ ನನ್ನ ಕೋಣೆಯ ಬಾಗಿಲಲ್ಲಿ ಹೊಸ ಬೀಗ ಹೊಳೆಯುತ್ತಿತ್ತು.

ಎರಡನೆಯ ತಿಂಗಳು ಮನೆಗೆ ಡ್ರಮ್ ಬಂತು. ನನ್ನ ಎದೆಮಟ್ಟದ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದನ್ನು ಮುಂದಿನ ಕೋಣೆಯಲ್ಲಿ, ದೇವರ ಮಂಟಪದ ಎದುರಿಗೇ ನಿಲ್ಲಿಸಬೇಕಾಯಿತು, ಬೇರೆ ಜಾಗವಿರಲಿಲ್ಲ. ಇಲ್ಲಿಯ ನೈಜೀರಿಯಾದವರು ಊರಿಗೆ ಸಾಮಾನು ಕಳಿಸುವುದೇ ಹೀಗೆ. ತಿಂಗಳುಗಟ್ಟಲೆ ಡ್ರಮ್ ತುಂಬುತ್ತಾರೆ, ತುಂಬಿದ ಮೇಲೆ ವ್ಯಾನು ಬಂದು ಒಯ್ಯುತ್ತದೆ, ಹಡಗಿನಲ್ಲಿ ಹೋಗಿ ತಲುಪಿದಾಗ ತಲುಪಿತು. ತುಂಬುವುದರಲ್ಲಿ ಫೋಲಾ ಬಲು ಚತುರೆ. ಶೂಗಳೊಳಗೆ ಕಾಲುಚೀಲ, ಕಾಲುಚೀಲದೊಳಗೆ ಸಾಬೂನು, ಸಾಬೂನಿನ ಸಂದಿಗೆ ಪೆನ್ಸಿಲ್ಲು. ಗಾಳಿಗೆಲ್ಲ ಹಡಗಿನ ಬಾಡಿಗೆ ಕೊಡಲಾರೆ ಎನ್ನುತ್ತಿದ್ದಳು.

ಡ್ರಮ್ ಹೋಗುತ್ತಿದ್ದದ್ದು ಅವಳ ಅಕ್ಕ ತಿತಿಗೆ. ತಿತಿ ಇಬಾದಾನಿನ ಸರಕಾರಿ ಶಾಲೆಯಲ್ಲಿ ಗಣಿತದ ಟೀಚರು, ಒಬ್ಬಳೇ ಇರುವವಳು. ಫೋಲಾ ಕೂಡ ಅಲ್ಲಿ ಬ್ಯಾಂಕಿನಲ್ಲಿದ್ದವಳಂತೆ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೆಲಸಕ್ಕೆ ಹೋದರೆ ಬ್ಯಾಂಕಿನ ಬಾಗಿಲಿಗೆ ಸರಕಾರದ ನೋಟೀಸು ಅಂಟಿತ್ತು. ನೋಟೀಸನ್ನು ಎರಡು ಸಲ ಓದಿ, ಮನೆಗೆ ಬಂದು ಬಟ್ಟೆ ಮಡಿಚಿಟ್ಟಳು. ಅದಾದ ಮೇಲೆ ಲಂಡನ್ನು.

ನಾನು ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಬಿ.ಎ. ಮಾಡಿದವಳು, ಸೆಕೆಂಡ್ ಕ್ಲಾಸು. ಹಣದ ಅಪಮೌಲ್ಯದ ಪಾಠವನ್ನು ಬಾಯಿಪಾಠ ಮಾಡಿ ಹಾಗೇ ಉತ್ತರ ಪತ್ರಿಕೆಯಲ್ಲಿ ಇಳಿಸಿದ್ದೆ. ರಫ್ತು ಹೆಚ್ಚುತ್ತದೆ, ಆಮದು ತಗ್ಗುತ್ತದೆ ಇತ್ಯಾದಿ. ಆ ಪಾಠ ಅರ್ಥವಾಗಿದ್ದು ಮಾತ್ರ ಹ್ಯಾರೋದ ಈ ಡ್ರಮ್ಮಿನ ಮುಂದೆ. ಅಲ್ಲಿಯ ಹಣ ನೈರಾದ ಬೆಲೆ ಇಳಿದ ತಿಂಗಳು ಡ್ರಮ್ಮಿಗೆ ಸಾಬೂನು, ಹಲ್ಲುಪುಡಿ, ತಲೆನೋವಿನ ಮಾತ್ರೆ ಹೋದವು. ಟೀಚರುಗಳ ಸಂಬಳ ನಿಂತ ತಿಂಗಳು ಹಾಲಿನ ಪುಡಿ, ಅಕ್ಕಿ. ಹೊರದೇಶದ ಬಿಸ್ಕತ್ತು ತರಬಾರದೆಂದು ಅಲ್ಲಿಯ ಸರಕಾರ ಹೇಳಿದ್ದು ನನಗೆ ಗೊತ್ತಾಗಿದ್ದು ಫೋಲಾ ಡ್ರಮ್ಮಿನೊಳಗೆ ಅರ್ಧ ಇಳಿದು ಬಿಸ್ಕತ್ತಿನ ಪೊಟ್ಟಣಗಳನ್ನು ಹೊರಗೆ ತೆಗೆಯುವುದನ್ನು ನೋಡಿ. ಇಬ್ಬರೂ ಒಂದು ತಿಂಗಳು ಚಹಾದ ಜೊತೆ ಆ ಬಿಸ್ಕತ್ತನ್ನೇ ತಿಂದೆವು. ನೆಲದಲ್ಲಿ ಎಣ್ಣೆ ಇರುವ ದೇಶದಲ್ಲೇ ಪೆಟ್ರೋಲಿನ ಬೆಲೆ ಏರಿಸಿದಾಗ ಮೇಣದಬತ್ತಿ, ಟಾರ್ಚು, ಅದರ ಸೆಲ್ಲು ಹೋದವು. ಅಲ್ಲಿ ಕರೆಂಟು ಹೋದರೆ ಜನರೇಟರು, ಜನರೇಟರಿಗೆ ಪೆಟ್ರೋಲು, ಪೆಟ್ರೋಲಿಗೆ ಕ್ಯೂ. ನಾನು ಹುಡುಗಿಯಾಗಿದ್ದಾಗ ಬಜೆಟ್ಟಿನ ದಿನ ನಮ್ಮ ಅಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದರು, ಮರುದಿನ ಅವ್ವ ಚಹಾಕ್ಕೆ ಹಾಕುವ ಸಕ್ಕರೆಯ ಚಮಚ ಸಣ್ಣದಾಗುತ್ತಿತ್ತು. ಮಂತ್ರಿಗಳ ಮಾತೆಲ್ಲ ಕೊನೆಗೆ ಬಂದು ಮುಟ್ಟುವುದು ಇಂಥ ಚಮಚಕ್ಕೇ.

ಆಮೇಲೆ ಡ್ರಮ್ಮಿಗೆ ಬೀಗಗಳು ಹೋಗತೊಡಗಿದವು. ಬೀಗ, ಚಿಲಕ, ಪೊಲೀಸರ ಥರದ ಒಂದು ಸೀಟಿ. ತಿತಿಯ ಬೀದಿಯಲ್ಲಿ ದರೋಡೆ ಹೆಚ್ಚಾಗಿತ್ತು. ಅಲ್ಲಿಯವರೇ ಸೇರಿ ಬೀದಿಯ ಎರಡೂ ತುದಿಗೆ ಕಬ್ಬಿಣದ ಗೇಟು ಹಾಕಿಸಿ ಕಾವಲಿಗೆ ಒಬ್ಬನನ್ನು ಇಟ್ಟರು. ಅವನಿಗೆ ಕೊಡಲು ಯಾರ ಹತ್ತಿರವೂ ಇಲ್ಲದ ತಿಂಗಳು ಅವನೂ ಬರಲಿಲ್ಲ. ಸಂಬಳ ಬರುತ್ತಿಲ್ಲವಲ್ಲ, ಇಲ್ಲಿಗೇ ಬಂದುಬಿಡು ಎಂದು ಫೋಲಾ ಅಕ್ಕನನ್ನು ಪ್ರತಿ ಭಾನುವಾರ ಫೋನಿನಲ್ಲಿ ಬೇಡುತ್ತಿದ್ದಳು. ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದಳು ತಿತಿ. ಶಾಲೆ ಇರುವವರೆಗೆ ಪರೀಕ್ಷೆ ಮುಗಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಂಥ ಒಂದು ಡ್ರಮ್ಮು ತುಂಬುವಾಗ ಒಂದು ಕಡೆ ಸ್ವಲ್ಪ ಸಂದಿ ಉಳಿಯಿತು. ಗಾಳಿಗೆ ಬಾಡಿಗೆ ಬೇಡವಲ್ಲ, ನಾನು ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ತುರುಕಿದೆ. ಬ್ಯಾಡಗಿ ಮೆಣಸಿನಕಾಯಿ ಕೈಬಿಚ್ಚಿ ಹಾಕಿ ಕುಟ್ಟಿದ್ದು, ಒಳ್ಳೆ ಕೆಂಪಗಿತ್ತು. ಮೇಲೊಂದು ಚೀಟಿ ಅಂಟಿಸಬೇಕೆಂಬ ಬುದ್ಧಿ ನನಗೆ ಬರಲಿಲ್ಲ.

ಅದಾದ ಕೆಲವು ತಿಂಗಳಿಗೆ ಅಲ್ಲಿ ಪೆಟ್ರೋಲಿನ ಬೆಲೆ ಮತ್ತೆ ಏರಿತು. ಇಡೀ ದೇಶ ಮುಷ್ಕರ ಹೂಡಿತು, ಅಂಗಡಿ, ಶಾಲೆ, ಬಸ್ಸು ಎಲ್ಲ ಬಂದ್. ಇಲ್ಲಿಯ ಟೀವಿ ಅದಕ್ಕೆ ಕೊಟ್ಟದ್ದು ಅರ್ಧ ನಿಮಿಷ, ಆಮೇಲೆ ಕ್ರಿಕೆಟ್. ಅದೇ ವಾರ ಇಬಾದಾನಿನ ಪರಿಚಯದವರೊಬ್ಬರು ಫೋಲಾಳಿಗೆ ಸುದ್ದಿ ಮುಟ್ಟಿಸಿದರು, ತಿತಿಯ ಬೀದಿಗೆ ದರೋಡೆಕೋರರು ನುಗ್ಗಿದ್ದಾರೆ, ಯಾವ ಮನೆ ಎಂದು ಗೊತ್ತಿಲ್ಲ. ತಿತಿಯ ಫೋನು ಸತ್ತಿತ್ತು. ಫೋಲಾ ಅಂಗಡಿಯಿಂದ ಫೋನ್ ಕಾರ್ಡುಗಳನ್ನು ತಂದು ಒಂದಾದ ಮೇಲೊಂದು ಕೆರೆದು ನಂಬರು ಒತ್ತುತ್ತಿದ್ದಳು. ಕೇರ್ ಹೋಮಿಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸಿ ಬಂದು ಮತ್ತೆ ಒತ್ತುತ್ತಿದ್ದಳು. ಹೀಗೆ ಒಂಬತ್ತು ದಿನ. ನಾನು ಮೂರು ಹೊತ್ತೂ ಬಿಸಿ ಅಡುಗೆ ಮಾಡಿದೆ, ಬೇರೇನೂ ತಿಳಿಯಲಿಲ್ಲ. ಮಂಟಪದ ಮುಂದೆ ನಿಂತು, ಮುಖ ಕಂಡಿರದ, ದನಿಯೂ ಕೇಳಿರದ ಒಬ್ಬ ಟೀಚರಿಗಾಗಿ ಹರಕೆ ಹೊತ್ತೆ. ನಮ್ಮವರು ಹೋದ ಮೇಲೆ ಇನ್ನೊಬ್ಬರಿಗಾಗಿ ನನಗೆ ಹೆದರಿಕೆಯಾದದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೆದರಿಕೆಯಲ್ಲಿ ಜೀವ ಬಂದಂತೆಯೂ ಆಗಿತ್ತು.

ಹತ್ತನೆಯ ದಿನ ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಬಂತು. ಫೋಲಾ ಅವರ ಭಾಷೆಯಲ್ಲಿ ಕೂಗಿದಳು, ಅತ್ತಳು, ಆಮೇಲೆ ಇದ್ದಕ್ಕಿದ್ದ ಹಾಗೆ ನಗತೊಡಗಿ ಮೆಟ್ಟಿಲ ಮೇಲೆ ಕುಸಿದು ಕೂತಳು. ತಿತಿ ಕ್ಷೇಮ. ಕಳ್ಳರು ನುಗ್ಗಿದ್ದು ಪಕ್ಕದ ಮನೆಗೆ. ಆ ರಾತ್ರಿ ಬೆಳಗಾಗುವವರೆಗೂ ತಿತಿ ನಾನು ಕಳಿಸಿದ ಡಬ್ಬಿಯನ್ನು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳಂತೆ. ಬೀಗ, ಚಿಲಕ, ಸೀಟಿಯ ಜೊತೆಯಲ್ಲೇ ಕೆಂಪು ಖಾರದ ಪುಡಿ ಬಂದದ್ದರಿಂದ, ಅದು ಕಳ್ಳರ ಕಣ್ಣಿಗೆ ಎರಚಲು ಇಂಡಿಯಾದವರು ಮಾಡುವ ಪುಡಿಯೆಂದೇ ಅವಳು ತಿಳಿದಿದ್ದಳು. ಅಷ್ಟು ತಿಂಗಳು ಕಿಟಕಿಯಲ್ಲೇ ಕಾವಲಿಗಿತ್ತು. ಮುಷ್ಕರದ ವಾರ ಅಂಗಡಿ ಮುಚ್ಚಿ, ಮನೆಯಲ್ಲಿ ಅಕ್ಕಿ ಬಿಟ್ಟರೆ ಏನೂ ಉಳಿಯದಿದ್ದಾಗ, ಘಮ ತಡೆಯಲಾರದೆ ಬೆರಳದ್ದಿ ನೆಕ್ಕಿದಳಂತೆ. ಆಮೇಲೆ ನಾಲ್ಕು ದಿನ ಅದೇ ಊಟ. ನಮ್ಮ ಅವ್ವ ಕಲಿಸಿದ ಚಟ್ನಿಪುಡಿಯನ್ನು ಬಹಳ ಜನ ಹೊಗಳಿದ್ದಾರೆ. ಕಾವಲಿಗೂ ಆಯಿತು ಹೊಟ್ಟೆಗೂ ಆಯಿತು ಎಂದವಳು ತಿತಿ ಒಬ್ಬಳೇ.

ಮುಂದಿನ ಡ್ರಮ್ಮಿಗೆ ಫೋಲಾ ಇನ್ನೂ ಗಟ್ಟಿಯಾದ ಬೀಗ ಹುಡುಕುತ್ತಿದ್ದಳು. ಅಂಗಡಿಯಲ್ಲಿ ಸಿಕ್ಕವೆಲ್ಲ ಸೂಟ್‌ಕೇಸಿನ ಬೀಗಗಳು. ನಾನು ಮೇಲೆ ಹೋಗಿ ನನ್ನ ಬಾಗಿಲಿನ ಹಿತ್ತಾಳೆ ಬೀಗ ತೆಗೆದು, ಕೀಲಿಕೈ ಸಮೇತ ತಂದು ಅವಳ ಕೈಗಿಟ್ಟೆ. ಅವಳು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನಿಮಗೆ ಬೇಡವೇ, ಆಂಟಿ?"

ಆಗ ತಿಳಿಯಿತು, ಮೊದಲ ದಿನದಿಂದ ಅವಳಿಗೆ ಎಲ್ಲ ಗೊತ್ತಿತ್ತು. ನನ್ನ ಕೆಮ್ಮೂ ಗೊತ್ತಿತ್ತು. ಬೇಡ ಎಂದೆ. ಕ್ಷಮಿಸು ಎಂದು ಹೇಳಬೇಕಿತ್ತು, ಅದರ ಬದಲು ಒಂದು ಟವೆಲು ತಂದುಕೊಟ್ಟೆ. ಅವಳು ಬೀಗವನ್ನು ಅದರಲ್ಲಿ ಸುತ್ತಿ ಡ್ರಮ್ಮಿನ ನಡುವೆ ಇಟ್ಟಳು. ತಿತಿ ಅದನ್ನು ತನ್ನ ಮುಂಬಾಗಿಲಿಗೇ ಹಾಕಿದಳಂತೆ.

ತಿತಿ ಬರಲೇ ಇಲ್ಲ. ಎರಡು ವರ್ಷ ಕಾದು ಫೋಲಾಳೇ ಹೊರಟಳು. ಅಲ್ಲಿ ಎಲ್ಲ ಸರಿಹೋಗಿತ್ತೆಂದಲ್ಲ. ಒಬ್ಬಳು ಕಿಟಕಿಯ ಹತ್ತಿರ ನಿಲ್ಲುವುದಕ್ಕಿಂತ ಇಬ್ಬರು ನಿಲ್ಲುವುದು ಮೇಲು ಎಂದಳು. ಕೊನೆಯ ಡ್ರಮ್ಮಿನಲ್ಲಿ ಅವಳ ಬಟ್ಟೆಗಳೇ ಹೋದವು. ಹೊರಡುವಾಗ ಅದೇ ಹಜಾರದಲ್ಲಿ ಮೊಣಕಾಲೂರಿದಳು. ಈ ಸಲ ನಾನು ಕಾರ್ಪೆಟ್ಟು ತಡಕಲಿಲ್ಲ. ತಲೆಯ ಮೇಲೆ ಕೈಯಿಟ್ಟೆ. ವ್ಯಾನು ಹೋದ ಮೇಲೆ ಮಂಟಪದ ಎದುರಿನ ಕಾರ್ಪೆಟ್ಟಿನಲ್ಲಿ ಡ್ರಮ್ಮಿನ ದುಂಡನೆಯ ಗುರುತು ಉಳಿಯಿತು. ವ್ಯಾಕ್ಯೂಮ್ ಹಿಡಿಯುವಾಗ ಅದನ್ನು ಬಳಸಿಕೊಂಡು ಹೋಗುತ್ತೇನೆ. ಸಾರು ಮತ್ತೆ ಮೂರು ದಿನಕ್ಕೆ ಬರುತ್ತದೆ. ಬೀಗ ಹೋದ ನನ್ನ ಬಾಗಿಲಲ್ಲಿ ಖಾಲಿ ಕೊಂಡಿ ಇನ್ನೂ ಇದೆ. ಈಗ ಹೆದರಿಕೊಳ್ಳುತ್ತೇನೆಂದರೂ ಮನೆಯಲ್ಲಿ ಯಾರೂ ಇಲ್ಲ.

ಅಂಥದೊಂದು ಮಧ್ಯಾಹ್ನ ಗೊಂಚಲು ಮುಂದಿಟ್ಟುಕೊಂಡು ಸುಮ್ಮನೆ ಲೆಕ್ಕ ಹಾಕಿದಾಗ ಐದು ಬಂದವು. ಎರಡನೆಯ ಕೀಲಿಕೈಯನ್ನು ಯಾವತ್ತೂ ಮೊದಲನೆಯದರ ಜೊತೆ ಇಡಬಾರದೆಂದು ನಮ್ಮ ಅವ್ವ ಕಲಿಸಿದ್ದಳು. ಆ ಪ್ರಕಾರ ಹಿತ್ತಾಳೆ ಬೀಗದ ಒಂದು ಕೀಲಿಕೈಯನ್ನಷ್ಟೇ ಬೀಗದ ಜೊತೆ ಕೊಟ್ಟು, ಇನ್ನೊಂದನ್ನು ಗೊಂಚಲಿನಲ್ಲೇ ಮರೆತಿದ್ದೆ. ಅಷ್ಟು ದರೋಡೆಯ ಬೀದಿ, ಆ ಮನೆಯ ಮುಂಬಾಗಿಲಿನ ಕೀಲಿಕೈ ನನ್ನ ಹತ್ತಿರ. ಕೂಡಲೇ ಫೋನ್ ಮಾಡಿದೆ. ಅಷ್ಟರಲ್ಲಿ ಅವರಿಗೆ ಮೊಬೈಲು ಬಂದಿತ್ತು. ನನ್ನಿಂದ ತಪ್ಪಾಗಿದೆ, ನಾಳೆಯೇ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತೇನೆ ಎಂದು ಫೋಲಾಳಿಗೆ ಹೇಳುತ್ತಿದ್ದಂತೆ ಆ ಕಡೆ ಯಾರೋ ಫೋನ್ ತೆಗೆದುಕೊಂಡರು. ಟೀಚರ ದನಿ, ಕೊನೆಯ ಬೆಂಚಿಗೂ ಕೇಳುವಂಥದು. ನಾನು ತಿತಿಯ ದನಿ ಕೇಳಿದ್ದು ಅದೇ ಮೊದಲು.

"ಕಳಿಸಬೇಡಿ, ಆಂಟಿ. ನೀವು ಬಂದ ದಿನ ನಾವಿಬ್ಬರೂ ಮನೆಯಲ್ಲಿ ಇಲ್ಲದಿದ್ದರೆ ಒಳಗೆ ಹೇಗೆ ಹೋಗುತ್ತೀರಿ?"